ರೇಣವ್ವನ ಗದ್ದದ ಐದು ಬೊಟ್ಟು

ಬಬಲೇಶ್ವರದ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಗೂ ಚಹಾದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಫೋಟೋ ಸ್ಟುಡಿಯೋ ಇದೆ. ಒಳಗೆ ಎರಡು ಹೊರಸು ಹಾಕಿದರೆ ಕಾಲಿಡಲು ಜಾಗ ಉಳಿಯದು. ಮೂವತ್ತೊಂದು ವರ್ಷದಿಂದ ಅಲ್ಲಿ ಕುಳಿತವನು ದಶರಥ. ಹುಟ್ಟೂರು ತಿಕೋಟಾ. ಏಳನೆಯ ತರಗತಿಗೆ ಶಾಲೆ ಬಿಟ್ಟು, ವಿಜಯಪುರದ ಒಂದು ಸ್ಟುಡಿಯೋದಲ್ಲಿ ಕತ್ತಲ ಕೋಣೆಯ ತಟ್ಟೆ ತೊಳೆಯಲು ಸೇರಿದವನು. ಅಲ್ಲಿ ಯಾರೂ ಅವನಿಗೆ ಹೀಗೆ ಮಾಡು ಎಂದು ಹೇಳಿಕೊಡಲಿಲ್ಲ. ಹೀಗೆ ಮಾಡಬೇಡ ಎಂದು ಬೈದರು ಅಷ್ಟೆ. ಬೈಸಿಕೊಂಡದ್ದನ್ನು ಬಿಟ್ಟು ಉಳಿದದ್ದನ್ನು ಮಾಡುತ್ತ ಹೋದರೆ ಕಸುಬು ತಾನಾಗಿ ಕೈಗೆ ಹತ್ತುತ್ತದೆ ಎಂಬುದನ್ನು ಅವನು ಅಲ್ಲಿ ಕಂಡುಕೊಂಡ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಮೊಡವೆ ತೆಗೆಯುವುದು, ನಾಲ್ಕೆಳೆ ಕೂದಲಿನ ಕುಂಚದಿಂದ ಪ್ರಿಂಟಿನ ಬಿಳಿ ಚುಕ್ಕೆ ಮುಚ್ಚುವುದು, ಇವೆಲ್ಲ ಇಪ್ಪತ್ತು ತುಂಬುವ ಹೊತ್ತಿಗೆ ಅವನಿಗೆ ಬಂದಿದ್ದವು.

ಕಂಪ್ಯೂಟರ್ ಬಂದಾಗ ಆ ಪೆನ್ಸಿಲ್ಲು, ಕುಂಚ ಎಲ್ಲ ಡಬ್ಬಿ ಸೇರಿದವು. ಮೊದಮೊದಲು ಯಾರೋ ಕದ್ದು ಕೊಟ್ಟ ತಂತ್ರಾಂಶದಲ್ಲಿ ಕೆಲಸ ನಡೆಯಿತು. ಅದು ಒಂದು ಮದುವೆಯ ಹಂಗಾಮಿನಲ್ಲಿ ಕೈಕೊಟ್ಟಿತು. ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸೈಫುದ್ದೀನ ಆಗ ಒಂದು ಪೆನ್ ಡ್ರೈವ್ ಮುಂದೆ ಮಾಡಿದ.

"ಇದರ ಹೆಸರ ಗಿಂಪ್ ಅಂತ, ಕಾಕಾ. ಪುಕ್ಕಟೆ. ಕಳವಿಂದಲ್ಲ, ಮಾಡಿದವರ ತಾವಾಗೇ ಪುಕ್ಕಟೆ ಕೊಟ್ಟಾರ."

"ಪುಕ್ಕಟೆ ಕೊಡಾಕ ಅವರಿಗೇನ ತಲಿ ಕೆಟ್ಟೈತೇನಪಾ?"

"ತಲಿ ಇದ್ದವರ ಹಂಗ ಕೊಡ್ತಾರ. ನಾಕ ದಿನ ಹಚ್ಚಿ ನೋಡ್ರಿ."

ನಾಲ್ಕು ದಿನ ಹೋಗಿ ಹನ್ನೊಂದು ವರ್ಷವಾಯಿತು. ಫೋಟೋ ತಿದ್ದುವ ಈ ತಂತ್ರಾಂಶ ನೊಗವಿದ್ದಂತೆ. ನೊಗ ಒಂದೇ ಇದ್ದರೂ ಬಿತ್ತುವಾಗ ಅದಕ್ಕೆ ಕೂರಿಗೆ ಕಟ್ಟುತ್ತೇವೆ, ಕಸ ತೆಗೆಯುವಾಗ ಎಡೆಕುಂಟೆ ಕಟ್ಟುತ್ತೇವೆ. ಹಾಗೆಯೇ ಇದಕ್ಕೆ ಬೇಕಾದ ಸಲಕರಣೆಯನ್ನು ಬೇಕಾದವರು ಜೋಡಿಸಿಕೊಳ್ಳಬಹುದು. ಅವುಗಳಿಗೆ ಪ್ಲಗಿನ್ ಎನ್ನುತ್ತಾರೆ. ಯಾರೋ ಪುಣ್ಯಾತ್ಮರು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆ. ತಂದು ಒಂದು ಫೋಲ್ಡರಿನಲ್ಲಿ ಹಾಕಿ, ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಹೊಸ ಹೆಸರು ಕಾಣುತ್ತದೆ. ದಶರಥನಿಗೆ ಬಹಳ ಹಿಡಿಸಿದ್ದು ಒಂದು ತೇಪೆಯ ಪ್ಲಗಿನ್. ಫೋಟೋದಲ್ಲಿ ಹರಿದ ಜಾಗವನ್ನು ಗುರುತು ಮಾಡಿಕೊಟ್ಟರೆ ಅದು ಸುತ್ತಲಿನ ಬಟ್ಟೆಯಿಂದಲೋ ಚರ್ಮದಿಂದಲೋ ಚೂರು ಚೂರು ಎರವಲು ತಂದು ತುಂಬುತ್ತದೆ. ಕೌದಿ ಹೊಲಿಯುವ ಹೆಂಗಸು ಬಣ್ಣಕ್ಕೆ ಬಣ್ಣ ಕೂಡಿಸಿ ತುಂಡು ಹಚ್ಚಿದ ಹಾಗೆ. ಹೊಲಿಗೆ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಪ್ಲಗಿನ್ ಹಾಕಿಕೊಳ್ಳುವುದರಲ್ಲೇ ಅವನು ನಿಲ್ಲಲಿಲ್ಲ. ನಾಲ್ಕಾರು ಕೆಲಸಗಳನ್ನು ಒಂದರ ಹಿಂದೆ ಒಂದು ತಾನಾಗಿ ಮಾಡಿಸುವ ಸಣ್ಣ ಬರಹಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಅದನ್ನು ಬರೆಯಲು ಕಲಿತ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬೇರೆಯವರ ಸ್ಕ್ರಿಪ್ಟುಗಳನ್ನು ಅಕ್ಷರ ಬಿಡದೆ ನಕಲು ಮಾಡಿ, ಒಂದೊಂದೇ ಸಾಲು ಅಳಿಸಿ, ಅಳಿಸಿದಾಗ ಏನು ಕೆಡುತ್ತದೆ ಎಂದು ನೋಡಿ ಅರ್ಥ ತಿಳಿದುಕೊಂಡ. ಕತ್ತಲ ಕೋಣೆಯ ಪಾಠವೇ ಇಲ್ಲಿಯೂ ನಡೆಯಿತು. ಬೈಯುವ ಕೆಲಸವನ್ನು ಈಗ ಯಂತ್ರ ಮಾಡುತ್ತಿತ್ತು. ಎರಡು ವರ್ಷಕ್ಕೆ ಅವನದೇ ಒಂದು ಸ್ಕ್ರಿಪ್ಟ್ ತಯಾರಾಯಿತು. ಹಳೆಯ ಫೋಟೋಗಳ ಮೇಲೆ ಬೂಷ್ಟು ಹಿಡಿದು ಎದ್ದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳನ್ನು ಅದು ತಾನೇ ಹುಡುಕಿ, ತಾನೇ ತೇಪೆ ಹಚ್ಚುತ್ತಿತ್ತು. ಕಸ ಗುಡಿಸುವ ಪೊರಕೆಯ ಹೆಸರನ್ನೇ ಅದಕ್ಕೂ ಇಟ್ಟ: 'ಕಸಬರಗಿ'. ಪರದೆಯ ಮೇಲಿನ ಇಂಗ್ಲಿಷ್ ಹೆಸರುಗಳ ಸಾಲಿನಲ್ಲಿ ಕನ್ನಡದ ಕಸಬರಗಿಯೊಂದು ಕೂತದ್ದನ್ನು ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೂ ತೋರಿಸುತ್ತಿದ್ದ.

ಕಸಬರಗಿಯಲ್ಲಿ ಒಂದು ಸಾಲಿತ್ತು. ಗುಡಿಸುವ ಮೊದಲು ಮೂಲ ಚಿತ್ರದ ಒಂದು ಪ್ರತಿಯನ್ನು, ಹಾಳೆಯ ಕೆಳಗೆ ಹಾಳೆ ಇಟ್ಟಂತೆ, ಕೆಳಗಿನ ಪದರದಲ್ಲಿ ಜೋಪಾನವಾಗಿ ಇಡುವುದು ಅದರ ಕೆಲಸ. ದೊಡ್ಡ ಚಿತ್ರವಾದರೆ ಇದರಿಂದ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ದಶರಥ ಆ ಸಾಲನ್ನು ನಿಲ್ಲಿಸಿಬಿಟ್ಟ. ಸೈಫುದ್ದೀನನಿಗೆ ಇದನ್ನು ಹೆಮ್ಮೆಯಿಂದ ಹೇಳಿದಾಗ ಅವನು ತಲೆ ಅಲ್ಲಾಡಿಸಿದ್ದ.

"ಕಾಕಾ, ಅದು ಕೊಡಕ್ಕ ಕಟ್ಟಿದ ಹಗ್ಗ. ಭಾರ ಆತಂತ ಹಗ್ಗ ಬಿಚ್ಚಿ ಬಾವ್ಯಾಗ ಕೊಡ ಬಿಡ್ತಾರೇನ?"

"ನನ್ನ ಕೈ ಮ್ಯಾಲ ನನಗ ನಂಬಿಗಿ ಐತಿ ಬಿಡು," ಎಂದಿದ್ದ ದಶರಥ.

ಶ್ರಾವಣ ಕಳೆದ ಮೇಲೆ ಕಾಶೀಬಾಯಿ ಬಂದದ್ದು. ವಿಜಯಪುರದ ಜಲನಗರದಲ್ಲಿ ಮನೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಿಯಾದವರು. ಮಮದಾಪುರದಲ್ಲಿರುವ ಅಕ್ಕನನ್ನು ಮಾತಾಡಿಸಿಕೊಂಡು ತಿರುಗಿ ಹೋಗುವಾಗ ಬಬಲೇಶ್ವರದಲ್ಲಿ ಇಳಿದಿದ್ದರು. ಚೀಲದಿಂದ ಒಂದು ನೋಟುಬುಕ್ಕು ತೆಗೆದು, ಅದರೊಳಗಿನಿಂದ ಮೂರು ಬೆರಳಗಲದ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟರು.

"ನಮ್ಮ ಅವ್ವರಿ, ರೇಣವ್ವ ಅಂತ. ನಾ ಮೂರ ವರ್ಷದಾಕಿ ಇದ್ದಾಗ ತೀರಿಕೊಂಡ್ಲು. ನನಗ ಆಕಿ ಮಾರಿ ನೆನಪಿಲ್ಲ. ಇದೊಂದ ಫೋಟೋ ಐತಿ. ಸಿಟಿಯಾಗ ಇಬ್ಬರ ಕಡೆ ತೋರಿಸೀನಿ, ಆಗೂದಿಲ್ಲ ಅಂದ್ರು."

ಫೋಟೋ ಒಂದು ಮೂಲೆ ಹರಿದು, ಉಳಿದದ್ದಕ್ಕೆ ಬೂಷ್ಟು ಹಿಡಿದಿತ್ತು. ಅರಳು ಹುರಿದ ಹೆಂಚಿನಂತೆ ಮುಖದ ತುಂಬ ಕಪ್ಪು ಚುಕ್ಕೆ. ಆಗುವುದಿಲ್ಲ ಅಂದರು ಎಂಬ ಮಾತು ದಶರಥನಿಗೆ ಎತ್ತಿಗೆ ಬಾರುಕೋಲು ತೋರಿಸಿದಂತಾಯಿತು.

"ಅಕ್ಕೋರ, ನೀವು ಚಹಾ ಕುಡೀರಿ. ಆರೂದ್ರಾಗ ನಿಮ್ಮ ಅವ್ವನ್ನ ಎಬ್ಬಿಸಿ ಕುಂಡಸ್ತೀನಿ."

ಸ್ಕ್ಯಾನ್ ಮಾಡಿದ. ಹರಿದ ಮೂಲೆಗೆ ತೇಪೆ ಹಚ್ಚಿದ. ಮುಖಕ್ಕೆ ಕಸಬರಗಿ ಬಿಟ್ಟ. ಚುಕ್ಕೆಗಳೆಲ್ಲ ಹೋಗಿ, ತಲೆ ತುಂಬ ಸೆರಗು ಹೊದ್ದ, ದೊಡ್ಡ ಕುಂಕುಮದ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಪರದೆಯ ಮೇಲೆ ಮೂಡಿದಳು. ಕಾಶೀಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ, ದಶರಥ ಹೊಸದನ್ನು ಉಳಿಸಿದ. ವಾರದೊಳಗೆ ದೊಡ್ಡದು ಮಾಡಿ ಚೌಕಟ್ಟು ಹಾಕಿ ಕೊಟ್ಟ. ಹಳೆಯ ಫೋಟೋವನ್ನೂ ಕಾಗದದಲ್ಲಿ ಸುತ್ತಿ ತಿರುಗಿ ಕೊಟ್ಟ.

ನಮ್ಮ ಕಡೆ ಒಡೆದ ಮೂರ್ತಿ, ಹರಿದ ಪಟ ಮನೆಯಲ್ಲಿ ಇಡುವುದಿಲ್ಲ. ಕಸಕ್ಕೂ ಎಸೆಯುವುದಿಲ್ಲ, ನೀರಿಗೆ ಬಿಡುತ್ತಾರೆ. ಹೊಸ ಪಟ ಗೋಡೆ ಏರಿದ ಮರುದಿನ ಕಾಶೀಬಾಯಿಯ ಮಗ ಶ್ರೀಶೈಲ ಹಳೆಯದಕ್ಕೆ ಅರಿಸಿಣ ಕುಂಕುಮ ಹಚ್ಚಿ, ಸ್ಕೂಟರಿನಲ್ಲಿ ಭೂತನಾಳ ಕೆರೆಗೆ ಒಯ್ದು ನೀರಿಗೆ ಬಿಟ್ಟು ಕೈಮುಗಿದು ಬಂದ. ಮನೆಯವರ ಲೆಕ್ಕದಲ್ಲಿ ಮಾಡಬೇಕಾದ ಕೆಲಸ ಸರಿಯಾಗಿಯೇ ಮುಗಿದಿತ್ತು.

ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ. ಮಮದಾಪುರದಿಂದ ಎರಡು ಬಸ್ ಬದಲಿಸಿ ಅಕ್ಕ ಮುರಿಗೆವ್ವ ಜಲನಗರಕ್ಕೆ ಬಂದಳು. ಎಂಬತ್ತಕ್ಕೆ ಎರಡು ಕಡಿಮೆ ವಯಸ್ಸು. ನಡು ಬಾಗಿದರೂ ಕಣ್ಣು ಚುರುಕು. ತಾಯಿ ತೀರಿದಾಗ ಅವಳಿಗೆ ಹದಿನಾಲ್ಕು. ಹೋಳಿಗೆಯ ಎಡೆ ಮುಂದಿಟ್ಟು, ಚೆಂಡು ಹೂವು ಹಿಡಿದು ಪಟದ ಮುಂದೆ ನಿಂತವಳು ಹೂವು ಏರಿಸಲಿಲ್ಲ.

"ಇದ್ಯಾರ ಬೇ, ಕಾಶಿ?"

"ಯಾರಂದ್ರ? ಅವ್ವ ಅಲ್ಲೇನ?"

"ನಮ್ಮವ್ವನ ಗದ್ದದ ಮ್ಯಾಲ ಐದ ಹಚ್ಚಿ ಬೊಟ್ಟಿದ್ದುವು. ಈಕಿ ಗದ್ದ ತೊಳದಿಟ್ಟ ತಾಟ ಆದಂಗ ಆಗೇತಿ. ಈಕಿ ಯಾರೋ ನಾ ಕಾಣೆ. ನಾ ಎಡಿ ತೋರಸೂದಿಲ್ಲ."

ಕಾಶೀಬಾಯಿ ಪಟದ ಹತ್ತಿರ ಹೋಗಿ ಗದ್ದ ನೋಡಿದರು. ಅವರು ಆ ಹಚ್ಚೆಯ ಬೊಟ್ಟುಗಳನ್ನೂ ಇಷ್ಟು ವರ್ಷ ಬೂಷ್ಟೆಂದೇ ತಿಳಿದಿದ್ದರು. ಅಂದು ಹೂವು ಎಡೆಯ ಪಕ್ಕದಲ್ಲೇ ಬಾಡಿತು.

ಮೂರನೆಯ ದಿನ ಅಕ್ಕತಂಗಿಯರಿಬ್ಬರೂ ಸ್ಟುಡಿಯೋಕ್ಕೆ ಬಂದರು. ಮುರಿಗೆವ್ವ ಕುರ್ಚಿಯಲ್ಲಿ ಕೂರದೆ ನಿಂತೇ ಕೇಳಿದಳು.

"ನಮ್ಮವ್ವನ ಬೊಟ್ಟ ಎಲ್ಲಿ ಇಟ್ಟೀಯಪಾ?"

ದಶರಥ ನಕ್ಕ. "ಯಮ್ಮಾ, ಫೋಟೋದಾಗ ಇದ್ದದ್ದಷ್ಟ ಬರೂದು. ಇಲ್ಲದ್ದ ನಾ ಎಲ್ಲಿಂದ ತರ್ಲಿ? ಹಳೀ ಫೋಟೋದಾಗ ಬೊಟ್ಟ ಇರಲಿಲ್ಲ."

"ಇದ್ದುವು."

"ಹಂಗಾರ ಹಳೀ ಫೋಟೋ ತರ್ರಿ, ನೋಡೋಣು."

ಕಾಶೀಬಾಯಿ ನೆಲ ನೋಡುತ್ತ ಹೇಳಿದರು: "ಅದನ್ನ ಭೂತನಾಳ ಕೆರಿಗೆ ಬಿಟ್ಟೇವ್ರಿ."

ಮುರಿಗೆವ್ವ ತನ್ನ ಗದ್ದದ ಮೇಲೆ ಬೆರಳಿಟ್ಟುಕೊಂಡಳು. "ನಮ್ಮವ್ವನ್ನ ಮಣ್ಣ ಮಾಡೋ ಮುಂದ ಕಿವ್ಯಾಗಿಂದ ಬಿಚ್ಚಿಕೊಂಡ್ರು, ಕೊಳ್ಳಾಗಿಂದ ಬಿಚ್ಚಿಕೊಂಡ್ರು. ಹಚ್ಚಿ ಒಂದ ನೋಡಪಾ ಆಕಿ ಜೋಡಿ ಹೋದದ್ದು. ಯಾರ ಕೈಲೂ ಬಿಚ್ಚಾಕ ಆಗಲಿಲ್ಲ. ನೀ ಕುರ್ಚಿ ಮ್ಯಾಲ ಕುಂತ ಬಿಚ್ಚಿದಿ ನೋಡು. ಭಾರಿ ಶಾಣ್ಯಾ."

ಅವರು ಹೋದ ಮೇಲೆ ದಶರಥ ಕೆಲಸಕ್ಕೆ ಕೂತ. ಆದರೆ ಕೈ ನಡೆಯಲಿಲ್ಲ. ಎದುರಿನ ಗೋಡೆಯ ಮೇಲೆ ಅವನ ತಾಯಿಯ ಫೋಟೋ ಇತ್ತು. ಹಣೆಯ ನಡುವೆ ಒಂದು, ಗದ್ದದ ಮೇಲೆ ಮೂರು ಹಚ್ಚೆಯ ಬೊಟ್ಟು. ದಿನಾ ಕಣ್ಣೆದುರಿಗೇ ಇದ್ದದ್ದರಿಂದ ಅವು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಎದ್ದು ಅದನ್ನು ಇಳಿಸಿ ಸ್ಕ್ಯಾನ್ ಮಾಡಿದ. ಕಸಬರಗಿ ಬಿಟ್ಟ.

ಊಟದ ಬುತ್ತಿ ತಂದ ಹೆಂಡತಿ ಗೌತಮಿ ಹಿಂದೆ ಬಂದು ನಿಂತಿದ್ದಳು. "ಅಯ್ಯ, ಅತ್ತಿ ಗದ್ದಕ್ಕೇನ ಮಾಡಿದ್ರಿ? ಹಡದ ಅವ್ವಗೂ ಹಜಾಮತಿ ಮಾಡಿದ್ರೇನ?"

ಹೊಲದಲ್ಲಿ ಎಡೆಕುಂಟೆ ಹೊಡೆಯುವವನು ಹಿಂದೆ ತಿರುಗಿ ನೋಡಬೇಕು. ನೋಡದಿದ್ದರೆ ಕಸದ ಜೊತೆ ಜೋಳದ ಸಸಿಯೂ ಸಾಲಿಗೆ ಸಾಲೇ ಹೋಗಿರುತ್ತದೆ. ಕಸಬರಗಿಗೆ ಬೂಷ್ಟು ಯಾವುದು, ಬೊಟ್ಟು ಯಾವುದು ಎಂದು ತಿಳಿಯದು. ತಿಳಿಯಬೇಕಾದವನು ಚಹಾ ಆರುವುದರೊಳಗೆ ಮುಗಿಸುವ ಪಂತ ಹಾಕಿದ್ದ. ಮೂಲ ಪ್ರತಿ ಇಡುವ ಸಾಲು ನಿಂತಿತ್ತು. ಸೈಫುದ್ದೀನನಿಗೆ ಫೋನ್ ಮಾಡಿ ಅಳಿದ ಫೈಲು ತಿರುಗಿ ಬಂದೀತೇ ಎಂದು ಕೇಳಿದ. ಹಳೆಯದರ ಮೇಲೆಯೇ ಬರೆದದ್ದು ಬರುವುದಿಲ್ಲ ಎಂದ ಸೈಫುದ್ದೀನ. ಹಗ್ಗದ ಮಾತು ಎತ್ತಲಿಲ್ಲ.

ಗೌತಮಿ ಬುತ್ತಿ ಬಿಚ್ಚುತ್ತ ಎಲ್ಲ ಕೇಳಿಕೊಂಡಳು.

"ಫೋಟೋದಾಗ ಬೊಟ್ಟ ಇರಲೇ ಇಲ್ಲ ಅಂದ್ರ ಮುಗೀತಲ್ಲ," ಎಂದ ದಶರಥ. "ಖರೆ ಗೊತ್ತಿದ್ದವರ ಯಾರೂ ಇಲ್ಲ."

"ಕೆರಿಗೆ ಗೊತ್ತೈತಿ. ಈಗ ನಿಮಗೂ ಗೊತ್ತಾತು. ರೊಟ್ಟಿ ಉಣ್ರಿ."

ಮರುದಿನ ಮುಂಜಾನೆಯ ಬಸ್ಸಿಗೆ ಅವನು ಮಮದಾಪುರಕ್ಕೆ ಹೋದ. ಜೊತೆಗೆ ಕ್ಯಾಮೆರಾ, ಬಾಗಿಲು ಮುರಿದ ಮನೆಯಂಥ ಒಂದು ಲ್ಯಾಪ್‌ಟಾಪು. ಮುರಿಗೆವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಮೊರ ಇಳಿಸಲಿಲ್ಲ.

"ಬಾರಪಾ ಶಾಣ್ಯಾ. ಗದ್ದ ಇನ್ನೂ ಎರಡ ಉಳದಾವ ಈ ಮನ್ಯಾಗ, ನಂದೊಂದು, ನಮ್ಮ ಎಮ್ಮೀದೊಂದು. ಯಾವದು ಬೋಳಸಾಕ ಬಂದಿ?"

"ಯಮ್ಮಾ, ಬೊಟ್ಟ ಫೋಟೋದಾಗ ಇದ್ದುವು. ನಾನ ತಗದೇನಿ. ಬೂಷ್ಟ ಅಂತ ತಿಳದು ತಗದೇನಿ. ನಿನ್ನಿ ನಿಮ್ಮ ಮುಂದ ಇಲ್ಲ ಅಂದದ್ದೂ ತಪ್ಪಾತು."

ಮುದುಕಿ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. "ಹೇಳಾಕಂತ ಇಷ್ಟ ದೂರ ಬಂದಿ?"

"ಹೇಳಾಕ, ಮತ್ತ ಕೇಳಾಕ. ಆ ಬೊಟ್ಟ ಹೆಂಗಿದ್ದುವು ಅಂತ ಈಗ ಈ ಭೂಮಿ ಮ್ಯಾಲ ನಿಮಗೊಬ್ಬರಿಗೇ ಗೊತ್ತು. ನೀವು ಹೇಳಿದ್ರ ಇಡ್ತೀನಿ. ಒಲ್ಲೆ ಅಂದ್ರ ಹಂಗ ಹೋಗ್ತೀನಿ. ನನ್ನ ಮನಸಿಗೆ ಬಂದಂಗ ಮಾತ್ರ ಇಡೂದಿಲ್ಲ."

ಮುರಿಗೆವ್ವ ಮೊರ ಪಕ್ಕಕ್ಕೆ ಸರಿಸಿದಳು. ಹಚ್ಚೆ ಹಾಕುವ ಹೆಂಗಸು ಊರಿಗೆ ಬಂದ ದಿನ ತಾಯಿ ಮಗಳು ಇಬ್ಬರೂ ಇದೇ ಕಟ್ಟೆಯ ಮೇಲೆ ಕೂತಿದ್ದರಂತೆ. ಒಂದೇ ಸೂಜಿ, ತಾಯಿಗೊಂದು ಮಗಳಿಗೊಂದು ಸರದಿಯಂತೆ ಬೊಟ್ಟು, ಇಬ್ಬರಿಗೂ ಒಂದೇ ಗುರುತು: ನಡುವೆ ಒಂದು ಬೊಟ್ಟು, ಸುತ್ತ ನಾಲ್ಕು. ತಾಯಿ ಹಲ್ಲು ಕಚ್ಚಿ ಐದೂ ಹಾಕಿಸಿಕೊಂಡಳು.

"ನಾ ನಾಕಕ್ಕ ಎದ್ದ ಓಡಿ ಹ್ವಾದೆ ನೋಡು. ಬಣವಿ ಹಿಂದ ಅಡಗಿ ಕುಂತಿದ್ದೆ. ಅವ್ವ ಜುಟ್ಟ ಹಿಡದ ಎಳಕೊಂಡ ಬರೂದ್ರಾಗ ಆ ಹೆಣ್ಣಮಗಳು ಗಂಟ ಕಟ್ಟಿಕೊಂಡ ಹೋಗಿದ್ಲು. ಸಾಯೂತನಾ ಅವ್ವ ಅಂತಿದ್ಲು, ಲೇ ನಾಕ ಬೊಟ್ಟಿನಾಕೀ, ನಿನ್ನ ಗುರುತ ಹಿಡ್ಯಾಕ ಯಾರನ್ನೂ ಕೇಳೂದು ಬ್ಯಾಡ ಅಂತ."

ದಶರಥ ಅವಳ ಗದ್ದವನ್ನು ಬೆಳಕಿಗೆ ಹಿಡಿದು ನಾಲ್ಕು ಫೋಟೋ ತೆಗೆದ. ನಾಲ್ಕು ಬೊಟ್ಟುಗಳಿದ್ದವು, ಎಡಕ್ಕೆ ಕೆಳಗಿನ ಜಾಗ ಬರಿದು. ಚರ್ಮಕ್ಕೆ ವಯಸ್ಸಾದಂತೆ ಹಚ್ಚೆಯೂ ಹರಡುತ್ತದೆ, ನೀರಿಗೆ ಬಿದ್ದ ಎಣ್ಣೆಯ ಹನಿಯಂತೆ. ಜೋಳದಷ್ಟಿದ್ದದ್ದು ತೊಗರಿಯಷ್ಟಾಗಿತ್ತು. ಅವುಗಳನ್ನು ಹಾಗೆಯೇ ಎತ್ತಿ ಮೂವತ್ತರ ಹೆಂಗಸಿನ ಮುಖಕ್ಕೆ ಹಚ್ಚುವಂತಿರಲಿಲ್ಲ. ಪರದೆಯ ಮೇಲೆ ರೇಣವ್ವನ ಬೋಳು ಗದ್ದವನ್ನು ತೆರೆದು, ಅದರ ಮೇಲೆ ಒಂದು ಖಾಲಿ ಪದರ ಇಟ್ಟ. ಯಾವ ಸ್ಕ್ರಿಪ್ಟನ್ನೂ ಕರೆಯಲಿಲ್ಲ. ಅತಿ ಸಣ್ಣ ಕುಂಚ ತೆಗೆದುಕೊಂಡು, ಡಬ್ಬಿ ಸೇರಿದ್ದ ಆ ನಾಲ್ಕೆಳೆ ಕೂದಲಿನ ಕುಂಚ ಹಿಡಿಯುತ್ತಿದ್ದ ಹಾಗೆ ಬೆರಳು ಹಗುರ ಮಾಡಿ, ನಡುವಿನ ಬೊಟ್ಟು ಇಟ್ಟ.

"ಕೆಳಗ ಆತು," ಎಂದಳು ಮುರಿಗೆವ್ವ.

ಮೇಲೆ ಸರಿಸಿದ.

"ಹೂಂ. ಈಗ ಬಲಕ್ಕ. ಇನ್ನೊಂದೀಟು. ಏ, ಅಷ್ಟ ಕರಿ ಬ್ಯಾಡೋ, ಹಸರ ಇತ್ತು, ಬ್ಯಾವಿನ ಎಲಿ ಒಣಗಿದಂಗ."

"ಈ ಫೋಟೋದಾಗ ಹಸರ ಬರೂದಿಲ್ಲ ಯಮ್ಮಾ, ಕರಿ ಬಿಳಿ ಅಷ್ಟ."

"ಹಂಗಾರ ಕರೀನ ಹಸರ ಕಂಡಂಗ ಇಡು."

ಬ್ಯಾಟರಿ ಒಂದೂವರೆ ತಾಸಿನದು. ಮೂರು ಬೊಟ್ಟಿಗೆ ಒಂದು ತಾಸು ಹೋಯಿತು. ನಾಲ್ಕನೆಯದು ಸಲೀಸಾಗಿ ಕೂತಿತು. ಐದನೆಯದಕ್ಕೆ ಮುರಿಗೆವ್ವನ ಗದ್ದದ ಮೇಲೆ ನೋಡಿಕೊಳ್ಳಲು ಏನೂ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಎಡಗೈ ಬೆರಳನ್ನು ತನ್ನ ಗದ್ದದ ಬರಿದಾದ ಜಾಗದ ಮೇಲೆ ಅತ್ತಿತ್ತ ಸರಿಸಿ, ಒಂದು ಕಡೆ ನಿಲ್ಲಿಸಿದಳು. ಉಗುರು ಒತ್ತಿ ಹಿಡಿದಳು.

"ಇಲ್ಲಿ. ಉಳದ ನಾಕರಕಿಂತ ತುಸು ಸಣ್ಣದು. ಅಷ್ಟೊತ್ತಿಗೆ ನಾ ಎದ್ದ ಓಡಿದ್ನಲ್ಲ, ಅವ್ವ ನನ್ನ ಕಡೆ ಹೊಳ್ಳಿ ನೋಡಿದ್ಲು. ಸೂಜಿ ತಪ್ಪಿತು."

ದಶರಥ ಉಗುರಿನ ಗುರುತು ನೋಡಿಕೊಂಡು ಐದನೆಯದನ್ನು ಇಟ್ಟ. ತುಸು ಸಣ್ಣದು. ಆಮೇಲೆ ಚಿತ್ರವನ್ನು ಪೂರ್ತಿ ಮುಖ ಕಾಣುವಷ್ಟು ಹಿಂದಕ್ಕೆ ತಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ಮುರಿಗೆವ್ವ ಕಣ್ಣು ತೆರೆದು ನೋಡಿದಳು. ನೋಡಿದ ಕೂಡಲೇ, ಹೆಗಲ ಮೇಲೆ ಜಾರಿದ್ದ ಸೆರಗನ್ನು ಎಳೆದು ತಲೆಯ ತುಂಬ ಹೊದ್ದುಕೊಂಡಳು. ಹಿರಿಯರು ಎದುರಿಗೆ ಬಂದಾಗ ಹೊದೆಯುವ ಹಾಗೆ.

"ಬಂದ್ಲು ನೋಡು," ಎಂದಳು. "ಇನ್ನ ಬೈಯಾಕ ಸುರು ಮಾಡ್ತಾಳ, ನಾಕ ಬೊಟ್ಟಿನಾಕೀ ಅಂತ."

ದಶರಥ ಫೈಲು ಉಳಿಸಿದ. ಈ ಸಲ ಪದರಗಳನ್ನು ಒಂದರಲ್ಲೊಂದು ಕೂಡಿಸಲಿಲ್ಲ. ಕೆಳಗಿನ ಪದರಕ್ಕೆ ರೇಣವ್ವ ಎಂದೂ ಮೇಲಿನದಕ್ಕೆ ಮುರಿಗೆವ್ವ ಹೇಳಿದ್ದು ಎಂದೂ ಹೆಸರು ಬರೆದ. ಮುಂದೆ ಯಾರು ತೆರೆದು ನೋಡಿದರೂ ಯಾವುದು ಫೋಟೋದ್ದು, ಯಾವುದು ನೆನಪಿನದು ಎಂದು ತಿಳಿಯಬೇಕು. ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಮುದುಕಿ ಗಾಬರಿಯಾಗಲಿಲ್ಲ. ಸೆರಗೂ ತೆಗೆಯಲಿಲ್ಲ.

ಹೊಸ ಪ್ರಿಂಟು ಜಲನಗರಕ್ಕೆ ಹೋಯಿತು. ದೀಪಾವಳಿಯ ಅಮಾವಾಸ್ಯೆಗೆ ಮುರಿಗೆವ್ವ ಮತ್ತೆ ಎರಡು ಬಸ್ ಬದಲಿಸಿ ಬಂದು, ಮೊದಲು ಬೆರಳು ಇಟ್ಟು ಐದು ಎಣಿಸಿ, ಆಮೇಲೆ ಹೂವು ಏರಿಸಿದಳು ಎಂದು ಕಾಶೀಬಾಯಿ ಫೋನಿನಲ್ಲಿ ಹೇಳಿದರು. ತಪ್ಪಿದ ಮೊದಲನೆಯ ಪಟವನ್ನು ಏನು ಮಾಡಬೇಕೆಂದು ಕೇಳಿದರು. ಅದು ಹರಿದದ್ದೂ ಅಲ್ಲ, ಒಡೆದದ್ದೂ ಅಲ್ಲ, ನೀರಿಗೆ ಬಿಡುವಂತಿಲ್ಲ.

"ನನಗ ಕೊಡ್ರಿ ಅಕ್ಕೋರ," ಎಂದ ದಶರಥ.

ಅದು ಈಗ ಅವನ ಅಂಗಡಿಯಲ್ಲಿ, ಕಂಪ್ಯೂಟರಿನ ಹಿಂದಿನ ಗೋಡೆಯ ಮೇಲೆ, ಅವನಿಗೆ ಮಾತ್ರ ಕಾಣುವ ಹಾಗೆ ಇದೆ. ಕಸಬರಗಿಯಲ್ಲಿ ನಿಂತಿದ್ದ ಸಾಲು ಮತ್ತೆ ನಡೆಯುತ್ತಿದೆ. ಕಂಪ್ಯೂಟರು ಏದುಸಿರು ಬಿಡುತ್ತದೆ, ಬಿಡಲಿ ಎನ್ನುತ್ತಾನೆ. ಹಳೆಯ ಫೋಟೋ ತಂದವರನ್ನು ಅವನು ಈಗ ಮೊದಲು ಕೇಳುವುದು ಒಂದೇ ಮಾತು:

"ಈ ಮಾರಿ ಕಣ್ಣಾರೆ ನೋಡಿದವರ ನಿಮ್ಮ ಮನ್ಯಾಗ ಯಾರರೆ ಅದಾರೇನ್ರಿ? ಇದ್ರ ಕರಕೊಂಡ ಬರ್ರಿ. ಆಮ್ಯಾಲ ಕೈ ಹಚ್ಚೋಣು."